ಉದ್ದವಾದ ಕ್ರಿಯಾಪದವೂ ನಮ್ಮ ಹೆಣ್ಣುಮಕ್ಕಳ ನಾಲಿಗೆಯೂ

ನಮ್ಮ ಸಾಲೆಯ ಸ್ಮರಣಸಂಚಿಕೆಗೆ ಏನಾದರೂ ಬರೆದು ಕೊಡಬೇಕೆಂದು ಸಂಪಾದಕಿಯರು ಅಪ್ಪಣೆ ಮಾಡಿದಾಗ, ಹಳೆಯ ದಿನಗಳ ನೆನಪನ್ನೇ ಬರೆಯಬೇಕೆಂದು ಮೊದಲು ನನ್ನ ಮನಸ್ಸಿಗೆ ಬಂದಿತು. ಆದರೆ ಬೋರ್ಡಿಂಗಿನ ಗಂಟೆ, ಅಂಗಳದ ಬೇವಿನ ಗಿಡ, ಶನಿವಾರದ ಸಾಮೂಹಿಕ ಕವಾಯತು ಇವುಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲ ಭಗಿನಿಯರು ಅನೇಕರಿದ್ದಾರೆ. ಆದುದರಿಂದ ಕಳೆದ ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಒಂದು ಚಿಕ್ಕ ವಿಷಯವನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪಾಲಕರ ಮುಂದೆಯೂ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ಪರಭಾಷೆಯ ಉದ್ದುದ್ದ ಕ್ರಿಯಾಪದಗಳನ್ನು ತುಂಡುಮಾಡಿ ಉಚ್ಚರಿಸುವ ಬಗೆ ಹೇಗೆ ಎಂಬದೇ ಆ ವಿಷಯ. ಅದರಲ್ಲಿಯೂ ಫ್ರೆಂಚ ಭಾಷೆಯ ಕ್ರಿಯಾಪದಗಳು! “ಕೃಷ್ಣೆ ಘಟಪ್ರಭೆಗಳ ಸೀಮೆಯ ನಮಗೂ ಫ್ರೆಂಚಿಗೂ ಏನು ಸಂಬಂಧ?” ಎಂದು ಕೆಲವರು ನಗಬಹುದು. ಲೇಖನವನ್ನು ಕೊನೆಯ ವರೆಗೆ ಓದಿ ಅನಂತರ ನಗಬೇಕೆಂದು ಅವರಲ್ಲಿ ನನ್ನ ಬಿನ್ನಹ.

ನಮ್ಮ ಸಾಲೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಬಂದು ಕಲಿತು ಹೋದ ಹೆಣ್ಣುಮಕ್ಕಳು ಬಹಳ. ಅಂಥವರಲ್ಲಿ ಬನಹಟ್ಟಿಯ ಒಬ್ಬ ಹುಡುಗಿ ಹತ್ತನೆಯ ಇಯತ್ತೆಯನ್ನು ಒಳ್ಳೆಯ ರೀತಿಯಿಂದ ಮುಗಿಸಿ ದೊಡ್ಡ ಪಟ್ಟಣದ ಒಂದು ಕಾಲೇಜನ್ನು ಸೇರಿದಳು. ಅವಳ ತಾಯಿ ಮಗ್ಗದ ಕಾರಖಾನೆಯಲ್ಲಿ ಕಂಡಿಕೆ ಸುತ್ತುವವಳು. ತಂದೆ ಸೀರೆ ನೇಯುವವನು. ಕಾಲೇಜಿನಲ್ಲಿ ಎರಡನೆಯ ಭಾಷೆಯಾಗಿ ಫ್ರೆಂಚ ತೆಗೆದುಕೊಂಡರೆ ಗುಣಗಳು ಹೆಚ್ಚು ಸಿಗುವವೆಂದು ಯಾರೋ ಹೇಳಿದರು. ಮುಂದೆ ದಾದಿಯ ಶಿಕ್ಷಣ ಪಡೆದು ಕೆನಡಾ ದೇಶಕ್ಕೆ ಹೋಗುವದಾದರೆ ಅದು ಉಪಯೋಗಕ್ಕೆ ಬೀಳುವದೆಂದು ಮತ್ತೊಬ್ಬರು ಹೇಳಿದರು. ಹುಡುಗಿ ಕನ್ನಡವನ್ನು ಬಿಟ್ಟು ಫ್ರೆಂಚ ಹಿಡಿದಳು. ದೀಪಾವಳಿಯ ರಜೆಯಲ್ಲಿ ಅವಳು ಜಮಖಂಡಿಯ ನಮ್ಮ ಮನೆಗೆ ಬಂದಾಗ ಮುಖ ಬಾಡಿತ್ತು. ಕಾರಣ ಕೇಳಿದರೆ ಬಹಳ ಹೊತ್ತು ಮಾತಿಲ್ಲ. ಕಟ್ಟಕಡೆಗೆ, “ಅಕ್ಕೋರ, ನನ್ನ ನಾಲಿಗಿ ಹೊರಳೂದಿಲ್ರಿ. ನಾ ಆ ತಾಸಿಗೆ ಹೋಗೂದಿಲ್ರಿ” ಎಂದು ಕಣ್ಣೀರು ಹಾಕಿದಳು.

ನಡೆದದ್ದು ಇಷ್ಟೇ. ಪಾಠದಲ್ಲಿ ಒಂದು ಉದ್ದವಾದ ಕ್ರಿಯಾಪದ ಬಂದಿತ್ತು. ರೋಮನ್ ಲಿಪಿಯಲ್ಲಿ ಬರೆದರೆ ಹದಿನೈದು ವರ್ಣಗಳು. ಅವಳನ್ನು ಎಬ್ಬಿಸಿ ನಿಲ್ಲಿಸಿ ಓದಲು ಹೇಳಿದರು. ಅವಳು ಇಂಗ್ಲಿಷಿನಲ್ಲಿ ಓದುವಂತೆ ಪ್ರತಿಯೊಂದು ವರ್ಣಕ್ಕೂ ಧ್ವನಿ ಕೊಟ್ಟು, ನಡುವೆ ತಡವರಿಸಿ, ಕೊನೆಯನ್ನು “ಅಯನ್ಸ್” ಎಂದು ಮುಗಿಸಿದಳು. ವರ್ಗವೆಲ್ಲ ನಕ್ಕಿತು. ಕಲಿಸುವವರೂ ನಕ್ಕು, “ಹಳ್ಳಿಯ ನಾಲಿಗೆಗೆ ಇದು ದಕ್ಕುವದಲ್ಲ” ಎಂಬರ್ಥದ ಒಂದು ಮಾತನ್ನಾಡಿದರಂತೆ. ಅಂದಿನಿಂದ ಅವಳು ಆ ತಾಸಿನಲ್ಲಿ ಬಾಯಿ ತೆರೆದಿದ್ದಿಲ್ಲ. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಇಂಥ ನಗೆ ಒಂದೇ ಕಾಲೇಜಿನದಲ್ಲ, ಒಂದೇ ಭಾಷೆಯ ತಾಸಿನದೂ ಅಲ್ಲ.

ನಾನು ಪುಸ್ತಕ ತರಿಸಿ ನೋಡಿದೆನು. ಆ ಕ್ರಿಯಾಪದವನ್ನು ನಮ್ಮ ಲಿಪಿಯಲ್ಲಿ ಬರೆದರೆ “ರಕೊಮಾಂಸರ್ಯೋಂ” ಎಂದಾಗುವದು. ‘ಸಂದರ್ಭ ಕೂಡಿಬಂದರೆ ನಾವು ಮತ್ತೆ ಮೊದಲುಮಾಡುತ್ತಿದ್ದೆವು’ ಎಂದು ಅದರ ಅರ್ಥ. ಬರಹದಲ್ಲಿ ಹದಿನೈದು ವರ್ಣಗಳು. ಬಾಯಿಯಲ್ಲಿ ಕೇವಲ ಐದು ತುಂಡು: ರ-ಕೊ-ಮಾಂ-ಸ-ರ್ಯೋಂ. ಹುಡುಗಿಗೆ ನಾನು ಕೇಳಿದೆನು: “ಅವ್ವಾ, ಓದಿಸಬೇಕಾಗಿದ್ದವರು ಎಂಬ ಶಬ್ದ ಓದಲಿಕ್ಕೆ ನಿನಗ ಅಂಜಿಕಿ ಏನು?” ಅವಳು ನಕ್ಕಳು. ಓ-ದಿ-ಸ-ಬೇ-ಕಾ-ಗಿ-ದ್ದ-ವ-ರು ಎಂದು ಒಂಬತ್ತು ಅಕ್ಷರಗಳುಳ್ಳ ಶಬ್ದವನ್ನು ಒಂದನೆಯ ಇಯತ್ತೆಯನ್ನು ದಾಟಿದ ಕನ್ನಡದ ಕೂಸು ಹೆದರದೆ ಓದುವದು. ಒಂಬತ್ತಕ್ಕೆ ಅಂಜದವಳು ಐದಕ್ಕೆ ಅಂಜುವದೇಕೆ? ಅವಳ ನಾಲಿಗೆಗೆ ಯಾವ ದೋಷವೂ ಇದ್ದಿಲ್ಲ. ಶಬ್ದವನ್ನು ಎಲ್ಲಿ ಕತ್ತರಿಸಬೇಕೆಂಬದನ್ನು ಅವಳಿಗೆ ಯಾರೂ ತೋರಿಸಿದ್ದಿಲ್ಲ, ಅಷ್ಟೇ.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಉದ್ದವಾದ ಪರಭಾಷಾಶಬ್ದವನ್ನು ಉಚ್ಚರಿಸುವ ಶಕ್ತಿಯು ಕುಲದಿಂದಲಾಗಲಿ ಪಟ್ಟಣದಿಂದಲಾಗಲಿ ಬರುವದಲ್ಲ. ಅದು ತುಂಡುಮಾಡುವ ಅಭ್ಯಾಸದಿಂದ ಬರುವದು. ಆ ಅಭ್ಯಾಸದ ಬೀಜವನ್ನು ಕನ್ನಡ ಮೂಲಾಕ್ಷರಗಳನ್ನೂ ಬಳ್ಳಿಯನ್ನೂ ಕಲಿಯುವಾಗಲೇ ನಮ್ಮ ಮಕ್ಕಳು ಪಡೆದಿರುತ್ತಾರೆ. ಅದನ್ನು ಪರಭಾಷೆಯ ಪಾಠದಲ್ಲಿ ಉಪಯೋಗಿಸಲು ಕಲಿಸದಿರುವದು ಸಾಲೆಯವರ ತಪ್ಪು. ಕಲಿಯದ ಮಗುವನ್ನು ಕಂಡು ನಗುವದು ನಮ್ಮೆಲ್ಲರ ತಪ್ಪು.

ಕನ್ನಡದ ಒಂದು ಅಕ್ಷರವೆಂದರೆ ಬರಿಯ ಒಂದು ವರ್ಣವಲ್ಲ. ವ್ಯಂಜನವೂ ಸ್ವರವೂ ಕೂಡಿದ, ಒಂದೇ ಉಸಿರಿಗೆ ಬಾಯಿಯಿಂದ ಹೊರಡುವ ಒಂದು ತುಂಡು. “ಕ ಕಾ ಕಿ ಕೀ” ಎಂದು ಬಳ್ಳಿ ಹೇಳುವ ಕೂಸು ತಾನರಿಯದೆಯೇ ಶಬ್ದಗಳನ್ನು ತುಂಡುಮಾಡಲು ಕಲಿಯುವದು. ರೋಮನ್ ಲಿಪಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ವರ್ಣಗಳು ಬಿಡಿಬಿಡಿಯಾಗಿ ಸಾಲುಗಟ್ಟಿ ನಿಲ್ಲುವವು. ಅವುಗಳಲ್ಲಿ ಯಾವವು ಕೂಡಿ ಒಂದು ತುಂಡಾಗುವವು, ಯಾವವು ಮೌನವಾಗಿರುವವು ಎಂಬದನ್ನು ಓದುವವಳೇ ನಿರ್ಣಯಿಸಬೇಕು. ನಮ್ಮ ಸಾಲೆಗಳಲ್ಲಿ “ಸಿ ಎ ಟಿ ಕ್ಯಾಟ್” ಎಂದು ವರ್ಣಗಳ ಹೆಸರು ಹೇಳಿ ಬಾಯಿಪಾಠ ಮಾಡಿಸುವ ಪದ್ಧತಿಯೊಂದುಂಟು. ಮೂರು ವರ್ಣಗಳ ಶಬ್ದಕ್ಕೆ ಅದು ಸಾಕಾದೀತು. ಹದಿನೈದು ವರ್ಣಗಳ ಶಬ್ದದ ಮುಂದೆ ಆ ಪದ್ಧತಿಯು ಮಗುವನ್ನು ನಡುನೀರಿನಲ್ಲಿ ಕೈಬಿಡುತ್ತದೆ.

ಅಕ್ಷರಗಳನ್ನು ಎಣಿಸುವದು ನಮ್ಮ ಸೀಮೆಗೆ ಹೊಸ ವಿದ್ಯೆಯೂ ಅಲ್ಲ. ರನ್ನಕವಿ ಹುಟ್ಟಿದ್ದು ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಕ್ರಿ.ಶ. 949ರಲ್ಲಿ, ಅವನದು ಬಳೆಗಾರರ ಮನೆತನ. ಬಳೆ ಮಾರುವ ಮನೆಯಲ್ಲಿ ಹುಟ್ಟಿದ ಆ ಪುರುಷನು ‘ಅಜಿತಪುರಾಣ’ವನ್ನು 993ರಲ್ಲಿ ಮುಗಿಸಿದನು, ‘ಗದಾಯುದ್ಧ’ವನ್ನು ಬರೆದು ಕನ್ನಡಕ್ಕೆ ಚಿರಕೀರ್ತಿಯನ್ನು ತಂದನು. ಆ ಕಾವ್ಯಗಳಲ್ಲಿ ಬರುವ ವೃತ್ತಗಳು ಅಕ್ಷರಗಳ ಎಣಿಕೆಯ ಮೇಲೆ ನಿಂತಿವೆ: ಉತ್ಪಲಮಾಲೆಯ ಪಾದಕ್ಕೆ 20, ಚಂಪಕಮಾಲೆಗೆ 21, ಶಾರ್ದೂಲವಿಕ್ರೀಡಿತಕ್ಕೆ 19, ಮಹಾಸ್ರಗ್ಧರೆಗೆ 22 ಅಕ್ಷರಗಳು. ಗುರು ಯಾವದು, ಲಘು ಯಾವದು, ಉಸಿರು ಎಲ್ಲಿ ನಿಲ್ಲುವದು ಎಂಬದನ್ನು ಆ ಕಾಲದ ಕವಿಗಳು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. ಅಂಥವನ ಊರಿನ ನೆರೆಯವರಾದ ನಾವು ಐದು ತುಂಡಿನ ಒಂದು ಕ್ರಿಯಾಪದಕ್ಕೆ ಹೆದರಿ ಓಡಿಹೋಗಬೇಕೇ?

ಹೊರಗಿನಿಂದ ಬಂದವರು ನಮ್ಮ ಭಾಷೆಯನ್ನು ಕಲಿತದ್ದೂ ಇದೇ ದಾರಿಯಿಂದ. ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಬಾಸೆಲ್ ಮಿಶನ್ನಿನ ಮುಖಾಂತರ ಈ ನಾಡಿಗೆ ಬಂದ ಕಿಟ್ಟೆಲ್ ಸಾಹೇಬರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಅಚ್ಚು ಹಾಕಿಸಿದರು; ಅವರ ದೊಡ್ಡ ನಿಘಂಟು 1894ರಲ್ಲಿ ಹೊರಬಂದಿತು. ನಿಘಂಟಿಗಿಂತ ಮೊದಲು ಸಂಧಿಯ ಗ್ರಂಥ, ಅಕ್ಷರಗಣದ ಗ್ರಂಥ ಎಂಬ ಈ ಕ್ರಮವನ್ನು ಗಮನಿಸಬೇಕು. ಪರಭಾಷೆಯ ಶಬ್ದವು ಎಲ್ಲಿ ಕೂಡುವದು, ಎಲ್ಲಿ ಬಿಡುವದು ಎಂಬದನ್ನು ಅರಿತವನಿಗೆ ಅದರ ಉದ್ದವು ಭಯವನ್ನುಂಟುಮಾಡಲಾರದು.

ಇನ್ನು ಫ್ರೆಂಚ ಕ್ರಿಯಾಪದಗಳ ವಿಷಯಕ್ಕೆ ಬರೋಣ. ಅಲ್ಲಿ ಮೊದಲನೆಯ ಎಡವುಗಲ್ಲು ಮೌನವಾದ ಕೊನೆಗಳು. ‘ಮಾತನಾಡು’ ಎಂಬರ್ಥದ ಧಾತುವನ್ನು ತೆಗೆದುಕೊಳ್ಳಿರಿ. ‘ನಾನು ಮಾತನಾಡುತ್ತೇನೆ’, ‘ನೀನು ಮಾತನಾಡುತ್ತೀ’, ‘ಅವನು ಮಾತನಾಡುತ್ತಾನೆ’, ‘ಅವರು ಮಾತನಾಡುತ್ತಾರೆ’ ಎಂಬ ನಾಲ್ಕಕ್ಕೂ ಕ್ರಿಯಾಪದದ ಉಚ್ಚಾರ ಒಂದೇ: ಪಾರ್ಲ್. ಬರಹದಲ್ಲಿ ಮಾತ್ರ ಮೂರು ಬಗೆ. ‘ಅವರು ಮಾತನಾಡುತ್ತಿದ್ದರು’ ಎಂಬಲ್ಲಿ ಕೊನೆಗೆ ಎ, ಐ, ಇ, ಎನ್, ಟಿ ಎಂದು ಐದು ವರ್ಣಗಳನ್ನು ಬರೆಯಬೇಕು. ಬಾಯಿಯಲ್ಲಿ ಅವೈದೂ ಸೇರಿ ಒಂದು ಹ್ರಸ್ವವಾದ ‘ಎ’ಕಾರ ಮಾತ್ರ: ಪಾರ್-ಲೆ. ಹಿಂದೊಂದು ಕಾಲಕ್ಕೆ ಆ ಕೊನೆಗಳನ್ನು ಅಲ್ಲಿಯ ಜನರು ಉಚ್ಚರಿಸುತ್ತಿದ್ದರು. ಶತಮಾನಗಳು ಉರುಳಿದಂತೆ ನಾಲಿಗೆಯು ಅವುಗಳನ್ನು ಬಿಟ್ಟಿತು, ಲೇಖನಿಯು ಬಿಡಲಿಲ್ಲ. ಕನ್ನಡದಲ್ಲಿ ಹಾಗಲ್ಲ, ರನ್ನನ ಕಾಲದ ‘ಪಾಲು’ ಬಾಯಿಯಲ್ಲಿ ‘ಹಾಲು’ ಆದಾಗ ಬರಹವೂ ಅದನ್ನು ಹಿಂಬಾಲಿಸಿತು.

ಬರೆದಂತೆ ನುಡಿಯದ ಭಾಷೆಯೆಂದು ಫ್ರೆಂಚನ್ನು ಹಳಿಯುವವರಿಗೆ ಒಂದು ಮಾತು. ಬನಹಟ್ಟಿಯ ಹುಡುಗಿ ಪರೀಕ್ಷೆಯಲ್ಲಿ ‘ಮಾಡುತ್ತಿದ್ದಾರೆ’ ಎಂದು ಬರೆಯುತ್ತಾಳೆ; ಮನೆಯಲ್ಲಿ ‘ಮಾಡಾಕತ್ತಾರ’ ಎನ್ನುತ್ತಾಳೆ. ‘ಬರುತ್ತೇನೆ’ ಎಂದು ಬರೆದವಳು ಬಾಗಿಲಲ್ಲಿ ‘ಬರ್ತೇನ್ರಿ’ ಎಂದು ಹೇಳಿ ಹೋಗುತ್ತಾಳೆ. ಬರಹಕ್ಕೆ ಒಂದು ರೂಪ, ಬಾಯಿಗೆ ಒಂದು ರೂಪ ಎಂಬದನ್ನು ಅವಳು ಹುಟ್ಟಿನಿಂದಲೇ ಬಲ್ಲಳು. ಹಾಗಿರಲು ಫ್ರೆಂಚಿನ ಈ ಪದ್ಧತಿಯನ್ನು ಅವಳಿಗೆ ವಿಚಿತ್ರವೆಂದು ಹೇಳಿ ಹೆದರಿಸಬೇಕಾಗಿಲ್ಲ. “ನಿಮ್ಮ ಮನೆಯಲ್ಲಿ ಇರುವಂತೆಯೇ ಅವರ ಮನೆಯಲ್ಲಿಯೂ ಇದೆ” ಎಂದು ಹೇಳಿದರೆ ಸಾಕು.

ಎರಡನೆಯದು, ತುಂಡುಗಳ ಎಣಿಕೆ. ಇಲ್ಲಿ ಕನ್ನಡ ಲಿಪಿಯು ನನಗೆ ಮಾಡಿದ ಸಹಾಯವನ್ನು ಹೇಳದಿರಲಾರೆನು. ‘ನಾವು ಮಾತನಾಡುತ್ತಿದ್ದೆವು’ ಎಂಬ ರೂಪವನ್ನು ಪಾರ್-ಲ್ಯೋಂ ಎಂದು ಎರಡು ತುಂಡಾಗಿ ಉಚ್ಚರಿಸುವರು. ‘ನಾವು ಬಯಸುತ್ತಿದ್ದೆವು, ಆದರೆ’ ಎಂದು ವಿನಯದಿಂದ ಹೇಳುವ ರೂಪವನ್ನು ವೂ-ದ್ರಿ-ಯೋಂ ಎಂದು ಮೂರು ತುಂಡಾಗಿ ಉಚ್ಚರಿಸುವರು. ರೋಮನ್ ಲಿಪಿಯಲ್ಲಿ ಎರಡರ ಬಾಲವೂ ಒಂದೇ ಬಗೆ: ಐ, ಓ, ಎನ್, ಎಸ್. ಅದನ್ನು ನೋಡಿದವಳಿಗೆ ಭೇದ ತಿಳಿಯದು. ಕನ್ನಡದಲ್ಲಿ ಬರೆದೊಡನೆ ‘ಲ್ಯೋಂ’ ಒಂದೇ ಅಕ್ಷರವೆಂದೂ ‘ದ್ರಿಯೋಂ’ ಎರಡು ಅಕ್ಷರಗಳೆಂದೂ ಕಣ್ಣಿಗೆ ಕಟ್ಟುವದು. ಭೇದಕ್ಕೆ ಕಾರಣವೂ ಸರಳ. ‘ದ್ರ’ ಎಂಬ ಒತ್ತಕ್ಷರದ ಮೇಲೆ ‘ಯ’ಕಾರವನ್ನೂ ಹೇರಿ ‘ದ್ರ್ಯೋಂ’ ಎಂದರೆ ನಾಲಿಗೆಗೆ ಕಷ್ಟ. ಆದುದರಿಂದ ಅಲ್ಲಿಯ ಜನರು ನಡುವೆ ಒಂದು ‘ಇ’ಕಾರವನ್ನು ನಿಲ್ಲಿಸಿಕೊಂಡು ಉಸಿರಾಡುತ್ತಾರೆ. ನಮ್ಮ ಹುಡುಗಿಯ ‘ರಕೊಮಾಂಸರ್ಯೋಂ’ ಎಂಬಲ್ಲಿ ‘ಸ’ಕಾರದ ಒಳಗಿನ ಮಂದಸ್ವರವು ಬಿದ್ದುಹೋಗದೆ ಉಳಿಯುವದಕ್ಕೂ ಇದೇ ಕಾರಣ.

ಮೂರನೆಯದು, ಶಬ್ದ ಶಬ್ದಗಳು ಕೂಡುವ ಬಗೆ. ಇದನ್ನು ಫ್ರೆಂಚ ವ್ಯಾಕರಣದಲ್ಲಿ ದೊಡ್ಡ ತೊಡಕೆಂದು ಹೇಳುತ್ತಾರೆ. ಸಂಧಿಯನ್ನು ಕಲಿತ ಕನ್ನಡಿಗಳಿಗೆ ಇದು ಹಳೆಯ ಪರಿಚಯ. ‘ನಾನು’ ಎಂಬರ್ಥದ ಸರ್ವನಾಮದ ಮುಂದೆ ‘ಪ್ರೀತಿಸು’ ಎಂಬರ್ಥದ, ಸ್ವರದಿಂದ ಮೊದಲಾಗುವ ಕ್ರಿಯಾಪದ ಬಂದರೆ ಸರ್ವನಾಮದ ಸ್ವರವು ಬಿದ್ದುಹೋಗುವದು; ಇದು ‘ಮಾತು ಇಲ್ಲ’ ಎಂಬದು ‘ಮಾತಿಲ್ಲ’ ಆಗುವಂತೆ ಲೋಪಸಂಧಿ. ‘ಅವನಿಗೆ ಉಂಟೇ’ ಎಂದು ಕೇಳುವಾಗ ‘ಅ’ ಮತ್ತು ‘ಇಲ್’ ಎಂಬೆರಡು ಸ್ವರಗಳ ನಡುವೆ ಎಲ್ಲಿಯೂ ಇಲ್ಲದ ‘ತ’ಕಾರವೊಂದು ಬಂದು ‘ಅತಿಲ್’ ಎಂದಾಗುವದು. ಇದು ‘ಮನೆ ಅಲ್ಲಿ’ ಎಂಬದು ‘ಮನೆಯಲ್ಲಿ’ ಆಗುವಂತೆ ಆಗಮಸಂಧಿ. ಮೌನವಾಗಿದ್ದ ವ್ಯಂಜನವು ಮುಂದೆ ಸ್ವರವನ್ನು ಕಂಡೊಡನೆ ಎದ್ದು ಮಾತನಾಡುವದೂ ಉಂಟು. ‘ಅವನು ಪ್ರೀತಿಸುತ್ತಾನೆ’ ಎಂದರೆ ಇ-ಲೆಮ್. ‘ಅವರು ಪ್ರೀತಿಸುತ್ತಾರೆ’ ಎಂದರೆ ಇಲ್-ಜ಼ೆಮ್. ನಡುವಿನ ಆ ‘ಜ಼’ಕಾರವನ್ನು ನಮ್ಮೂರಿನ ಉರ್ದು ಮಾತಿನ ನೆರೆಯವರು ‘ಜ಼ಮೀನ್’ ಎನ್ನುವಾಗ ನಾವು ದಿನಾಲು ಕೇಳುತ್ತೇವೆ. ಏಕವಚನ ಬಹುವಚನಗಳ ಭೇದವೆಲ್ಲವೂ ಇಲ್ಲಿ ಕಿವಿಗೆ ತಿಳಿಯುವದು ಆ ಒಂದು ಧ್ವನಿಯಿಂದ ಮಾತ್ರ. ಉಚ್ಚಾರವೆಂದರೆ ಬರಿಯ ಬೆಡಗು, ಪರೀಕ್ಷೆಗೆ ಬರವಣಿಗೆ ಸಾಕು ಎನ್ನುವವರು ಈ ಉದಾಹರಣೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಒಬ್ಬನೋ ಹಲವರೋ ಎಂಬದು ತಿಳಿಯದಂತೆ ನುಡಿಯುವ ದಾದಿಯ ಮಾತನ್ನು ರೋಗಿಯು ಹೇಗೆ ನಂಬಿಯಾನು?

ತುಂಡುಮಾಡುವದರಲ್ಲಿ ಎರಡು ಬಗೆಯುಂಟೆಂಬದನ್ನೂ ಮರೆಯಬಾರದು: ಧ್ವನಿಯ ತುಂಡು ಬೇರೆ, ಅರ್ಥದ ತುಂಡು ಬೇರೆ. ‘ಓದಿಸಬೇಕಾಗಿದ್ದವರು’ ಎಂಬದನ್ನು ನಾಲಿಗೆಯು ಓ-ದಿ-ಸ ಎಂದು ಕತ್ತರಿಸುವದು. ಬುದ್ಧಿಯು ಓದು, ಇಸು, ಬೇಕು, ಆಗಿ, ಇದ್ದ, ಅವರು ಎಂದು ಕತ್ತರಿಸುವದು. ಎರಡು ಕತ್ತರಿಗಳೂ ಒಂದೇ ಕಡೆ ಬೀಳುವದಿಲ್ಲ. ಫ್ರೆಂಚಿನಲ್ಲಿಯೂ ಹಾಗೆಯೇ. ರಕೊಮಾಂಸರ್ಯೋಂ ಎಂಬದರಲ್ಲಿ ‘ಮತ್ತೆ’ ಎಂಬ ಉಪಸರ್ಗ, ‘ಮೊದಲುಮಾಡು’ ಎಂಬ ಧಾತು, ಅದರ ಮೂಲರೂಪದ ರಕಾರ, ‘ನಾವು’ ಎಂದು ಸೂಚಿಸುವ ಪ್ರತ್ಯಯ ಎಂದು ನಾಲ್ಕು ಭಾಗಗಳುಂಟು. ಆ ಭಾಷೆಯ ಭವಿಷ್ಯತ್ಕಾಲವೇ ಹಿಂದಿನ ಕಾಲದಲ್ಲಿ ‘ಮಾಡಲು’ ಎಂಬ ರೂಪಕ್ಕೆ ‘ಉಂಟು’ ಎಂಬರ್ಥದ ಶಬ್ದವನ್ನು ಜೋಡಿಸಿದ್ದರಿಂದ ಹುಟ್ಟಿತು. ನಮ್ಮಲ್ಲಿ ‘ಹೇಳಲಿಕ್ಕುಂಟು’ ಎನ್ನುವಂತೆ. ನೆನಪಿಡುವದಕ್ಕೆ ಅರ್ಥದ ತುಂಡು ಬೇಕು. ನುಡಿಯುವದಕ್ಕೆ ಧ್ವನಿಯ ತುಂಡು ಬೇಕು. ಒಂದರ ಕೆಲಸಕ್ಕೆ ಮತ್ತೊಂದನ್ನು ಹಚ್ಚಿದರೆ ಮಗು ಎಡವುವದು.

ಕನ್ನಡ ಲಿಪಿಯನ್ನು ಹೊಗಳಿದೆನೆಂದು ಅದರ ಕೊರತೆಯನ್ನು ಮುಚ್ಚಿಡಲಾರೆನು. ‘ಶಬ್ದ’ ಎಂದು ಬರೆಯುವಾಗ ನಾವು ಶ-ಬ್ದ ಎಂದು ಬಿಡಿಸುತ್ತೇವೆ. ನುಡಿಯುವಾಗ ಶಬ್-ದ ಎಂದೇ ನುಡಿಯುತ್ತೇವೆ. ಒತ್ತಕ್ಷರದ ಹಿಂದಿನ ಅಕ್ಷರವು ಗುರುವಾಗುವದೆಂದು ಛಂದಸ್ಸು ಹೇಳುವದು ಇದಕ್ಕಾಗಿಯೇ. ಅದರಂತೆ ‘ಪಾರ್ಲೆ’ ಎಂದು ಬರೆದರೂ ಪಾರ್-ಲೆ ಎಂದೇ ಕತ್ತರಿಸಬೇಕು. ಇದಲ್ಲದೆ ಫ್ರೆಂಚಿನ ಕೆಲವು ಧ್ವನಿಗಳಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ಅವರ ರಕಾರವು ಗಂಟಲಿನಿಂದ ಹೊರಡುವದು. ಅವರದೊಂದು ಸ್ವರಕ್ಕೆ ನಾಲಿಗೆಯು ‘ಇ’ ಎನ್ನಬೇಕು, ತುಟಿಗಳು ‘ಉ’ ಎನ್ನಬೇಕು. ‘ಮಾಂ’, ‘ಯೋಂ’ ಎಂದು ನಾನು ಬರೆದ ಸೊನ್ನೆಯನ್ನು ನಮ್ಮ ‘ಅಂಗಡಿ’ಯ ಸೊನ್ನೆಯಂತೆ ಓದಬಾರದು, ನಾಲಿಗೆಯೂ ತುಟಿಯೂ ಎಲ್ಲಿಯೂ ತಾಗದೆ ಸ್ವರವೇ ಮೂಗಿನಿಂದ ಹೊರಡಬೇಕು. ಕಿವಿ ಮಂದವಾದ ಮುದುಕರು “ಆಂ?” ಎಂದು ಕೇಳುವದನ್ನು ನೆನೆಸಿಕೊಂಡರೆ ಅದು ತಾನಾಗಿ ಬರುವದು. ಆದುದರಿಂದ ಪುಸ್ತಕದ ಸಾಲುಗಳ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡು ಅದನ್ನೇ ಓದುವ ಅಭ್ಯಾಸವನ್ನು ನಾನು ಒಪ್ಪುವದಿಲ್ಲ. ಮೊದಲು ಕಿವಿ ಕೇಳಬೇಕು, ಬಳಿಕ ಕನ್ನಡದಲ್ಲಿ ತುಂಡುಗಳನ್ನು ಎಣಿಸಬೇಕು, ಕಡೆಗೆ ಆ ಕನ್ನಡವನ್ನು ಅಳಿಸಿ ಓದಬೇಕು. ಊರುಗೋಲು ನಡೆಯಲು ಕಲಿಯುವ ವರೆಗೆ ಮಾತ್ರ.

ಅಂದು ನಾವಿಬ್ಬರೂ ಮಾಡಿದ್ದನ್ನು ಹೇಳುತ್ತೇನೆ. ಅವಳ ಕಡೆಯಿದ್ದ ದೂರವಾಣಿಯಲ್ಲಿ ಆ ಶಬ್ದವನ್ನು ಫ್ರೆಂಚರ ಬಾಯಿಂದಲೇ ಹತ್ತು ಸಲ ಕೇಳಿದೆವು. ಅನಂತರ ಶಬ್ದವನ್ನು ಬಾಲದಿಂದ ಹಿಡಿದೆವು. ಮೊದಲು ‘ರ್ಯೋಂ’, ಬಳಿಕ ‘ಸ-ರ್ಯೋಂ’, ಬಳಿಕ ‘ಮಾಂ-ಸ-ರ್ಯೋಂ’, ಬಳಿಕ ‘ಕೊ-ಮಾಂ-ಸ-ರ್ಯೋಂ’, ಕಡೆಗೆ ಪೂರ್ಣಶಬ್ದ. ಬಾಲದಿಂದ ಹಿಡಿಯುವದಕ್ಕೆ ಕಾರಣವುಂಟು. ಫ್ರೆಂಚಿನಲ್ಲಿ ಸ್ವರಭಾರವು ಮಾತಿನ ಕೊನೆಯ ತುಂಡಿನ ಮೇಲೆ ಬೀಳುವದು. ಮೊದಲಿನಿಂದ ಓದುವವಳು ಅಲ್ಲಿಗೆ ಮುಟ್ಟುವಷ್ಟರಲ್ಲಿ ದಣಿದಿರುತ್ತಾಳೆ. ಕೊನೆಯನ್ನು ಮೊದಲೇ ಗಟ್ಟಿಮಾಡಿಕೊಂಡರೆ ಓದು ಕಷ್ಟದಿಂದ ಸುಖದ ಕಡೆಗೆ ಸಾಗುವದು. ಒಂದೊಂದು ತುಂಡಿಗೆ ಒಂದೊಂದು ಚಪ್ಪಾಳೆ ಹೊಡೆದೆವು. ಇಂಗ್ಲಿಷಿನಂತೆ ಒಂದು ತುಂಡನ್ನು ಒತ್ತಿ ಉಳಿದವನ್ನು ನುಂಗುವ ರೂಢಿ ಫ್ರೆಂಚಿನಲ್ಲಿಲ್ಲ. ತುಂಡುಗಳೆಲ್ಲ ಬಹುಮಟ್ಟಿಗೆ ಸಮನಾಗಿ ನಡೆಯುವವು. ಈ ನಡೆ ಕನ್ನಡದ ಮಕ್ಕಳಿಗೆ ಬೇಗ ಒಗ್ಗುವದು. ಅರ್ಧ ತಾಸಿನಲ್ಲಿ ಹುಡುಗಿ ಆ ಶಬ್ದವನ್ನು ತಡೆಯಿಲ್ಲದೆ ಹೇಳಿದಳು. ಅವಳನ್ನು ಕರೆದುಕೊಂಡು ಹೋಗಲು ಬಂದ ತಾಯಿ ಮಗ್ಗುಲಲ್ಲಿ ಕುಳಿತು ಕೇಳುತ್ತಿದ್ದವಳು, “ಈಗ ಐದು ಆದುವು ನೋಡ್ರಿ, ಆಗ ನಾಕ ಅಂದಿದ್ದಳು” ಎಂದಳು. ಫ್ರೆಂಚಿನ ಒಂದಕ್ಷರವನ್ನೂ ಅರಿಯದ, ನೂಲಿನ ಎಳೆಗಳನ್ನು ಎಣಿಸಿ ರೂಢಿಯುಳ್ಳ ಆ ತಾಯಿಯು ಮಗಳ ತಪ್ಪನ್ನು ಕಿವಿಯಿಂದ ಹಿಡಿದಿದ್ದಳು. ಆ ಮಾತನ್ನು ನಾನು ಮರೆಯಲಾರೆನು.

ಪಾಲಕರಲ್ಲಿ ನನ್ನ ಮೊದಲನೆಯ ಬಿನ್ನಹವು ಆ ತಾಯಿಯಿಂದ ಕಲಿತದ್ದು. “ನಮಗೆ ಆ ಭಾಷೆ ಬಾರದು, ನಾವೇನು ಮಾಡೋಣ?” ಎಂದು ಕೈಚೆಲ್ಲಬೇಡಿರಿ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಮಗಳನ್ನು ಗಟ್ಟಿಯಾಗಿ ಓದಲು ಹೇಳಿರಿ. ಉದ್ದ ಶಬ್ದದ ತಲೆಯ ಮೇಲೆ ಅದರಲ್ಲಿ ಎಷ್ಟು ತುಂಡುಗಳೆಂಬ ಅಂಕೆಯನ್ನು ಕಲಿಸುವವರು ಬರೆದುಕೊಟ್ಟರೆ, ಚಪ್ಪಾಳೆ ಎಣಿಸಿ ನೋಡುವದು ಯಾವ ತಾಯಿಗೂ ಸಾಧ್ಯ. ಎರಡನೆಯದು, ಮಗುವಿನ ತೊದಲನ್ನು ಬೀಗರ ಮುಂದೆ ಹೇಳಿ ನಗಬೇಡಿರಿ. ಮೂರನೆಯದು, ಗುಣಗಳ ಆಸೆಗಾಗಿ ಕನ್ನಡವನ್ನು ಕೈಬಿಡಿಸಬೇಡಿರಿ. ಫ್ರೆಂಚ ಕಲಿಯುವದು ಒಳ್ಳೆಯದೇ. ಕೆನಡಾದ ಕೆಬೆಕ್ ಪ್ರಾಂತಕ್ಕೆ ಹೋಗುವವಳಿಗೆ ಅದು ಅವಶ್ಯವೇ, ಏಕೆಂದರೆ 1974ರಿಂದ ಅಲ್ಲಿಯ ಸರಕಾರೀ ಭಾಷೆ ಅದೊಂದೇ. ಆದರೆ ಅದನ್ನು ಕಲಿಯಲು ಹಿಡಿಗೋಲಾದ ಅಕ್ಷರಜ್ಞಾನ, ಸಂಧಿ, ಛಂದಸ್ಸು ಇವುಗಳನ್ನು ಎಸೆದು ಅದನ್ನು ಹಿಡಿಯಹೋಗುವದು ಏಣಿಯನ್ನು ಒದ್ದು ಅಟ್ಟಕ್ಕೆ ಏರಹೊರಟಂತೆ. ಜಮಖಂಡಿ ಮುಧೋಳಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ಮರಾಠಿ ಮಾತಿನ ಅರಸುಮನೆತನಗಳ ಆಳಿಕೆಯಲ್ಲಿದ್ದವು. ನಮ್ಮ ಹಿರಿಯರು ಮನೆಯ ಕನ್ನಡವನ್ನು ಬಿಡದೆಯೇ ಹೊರಗಿನ ಮರಾಠಿಯನ್ನು ಕಲಿತು ವ್ಯವಹರಿಸಿದರು. ಒಂದು ಭಾಷೆಗೆ ಸ್ಥಳ ಮಾಡಿಕೊಡಲು ಮತ್ತೊಂದನ್ನು ಹೊರಗೆ ಹಾಕಬೇಕೆಂಬ ಮಾತು ನಮ್ಮ ಸೀಮೆಯದಲ್ಲ.

ಸಾಲೆಯ ಚಾಲಕರಲ್ಲಿಯೂ ಒಂದು ಬಿನ್ನಹವುಂಟು. ಪ್ರತಿಯೊಂದು ಭಾಷೆಯ ತಾಸಿನಲ್ಲಿ ಐದು ನಿಮಿಷವನ್ನು ಗಟ್ಟಿಯಾಗಿ ಓದುವದಕ್ಕೂ ತುಂಡುಮಾಡುವದಕ್ಕೂ ಮೀಸಲಿಡಬೇಕು. ಮೊದಲು ಕನ್ನಡದ ಒಂದು ಉದ್ದ ಕ್ರಿಯಾಪದ, ಅನಂತರ ಇಂಗ್ಲಿಷಿನದು. ನಮ್ಮ ಸಾಲೆಯಲ್ಲಿ ಫ್ರೆಂಚ ಕಲಿಸದಿದ್ದರೂ ಚಿಂತೆಯಿಲ್ಲ. ಈ ಅಭ್ಯಾಸವನ್ನು ಪಡೆದ ಹುಡುಗಿ ಮುಂದೆ ಯಾವ ಭಾಷೆಯ ತಾಸಿಗೆ ಹೋದರೂ ತಲೆಯೆತ್ತಿ ನಿಲ್ಲುವಳು. ಮೊದಲು ವರ್ಗವೆಲ್ಲ ಒಟ್ಟಾಗಿ ಓದಲಿ. ಒಬ್ಬಳನ್ನೇ ಎಬ್ಬಿಸಿ ನಿಲ್ಲಿಸುವದು ಆಮೇಲಾಗಲಿ. ಪಟ್ಟಣಗಳಲ್ಲಿಯೂ ಪರದೇಶಗಳಲ್ಲಿಯೂ ಇರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಆಯಾ ಭಾಷೆಯನ್ನು ಚೆನ್ನಾಗಿ ಬಲ್ಲವರು ಒಂದೊಂದು ಪಾಠವನ್ನು ನಿಧಾನವಾಗಿ ಓದಿ, ಆ ಧ್ವನಿಯನ್ನು ದೂರವಾಣಿಯ ಮುಖಾಂತರ ಸಾಲೆಗೆ ಕಳಿಸಿಕೊಡಬಾರದೇ? ಹಣದ ಕಾಣಿಕೆಗಿಂತ ಅದು ಕಡಿಮೆಯದೆಂದು ಯಾರೂ ಎಣಿಸಲಾರರು.

ಆ ಹುಡುಗಿಯ ಕಥೆಯನ್ನು ಮುಗಿಸಿ ನಾನೂ ಮುಗಿಸುತ್ತೇನೆ. ರಜೆಯ ನಂತರ ಅವಳು ಕಾಲೇಜಿಗೆ ಹೋದಳು. ಎಂಟು ದಿನ ಸುಮ್ಮನಿದ್ದು, ಒಂಬತ್ತನೆಯ ದಿನ ತಾನಾಗಿ ಎದ್ದು ನಿಂತು ಪಾಠದ ಅರ್ಧ ಪುಟವನ್ನು ಓದಿದಳಂತೆ. ಎರಡು ಕಡೆ ತಪ್ಪಿದಳು, ನಗೆ ಕೇಳಿತು, ಆದರೂ ಕುಳಿತುಕೊಳ್ಳದೆ ಕೊನೆಯ ವರೆಗೆ ಓದಿದಳು. ವರ್ಷದ ಕಡೆಗೆ ಅವಳಿಗೆ ಬಂದ ಗುಣಗಳು ಸಾಧಾರಣವಾದವು. ನಾನು ಅದಕ್ಕೆ ವ್ಯಸನಪಡಲಿಲ್ಲ, ಅವಳೂ ಪಡಲಿಲ್ಲ. ಮರುವರ್ಷ ಅದೇ ವರ್ಗಕ್ಕೆ ಬೀಳಗಿಯ ಕಡೆಯ ಒಬ್ಬ ಹೊಸ ಹುಡುಗಿ ಬಂದು ಓದಲು ಹೆದರಿದಾಗ, ನಮ್ಮವಳು ಅವಳ ಮಗ್ಗುಲಿಗೆ ಕುಳಿತು ಚಪ್ಪಾಳೆ ಹೊಡೆದು ತುಂಡುಗಳನ್ನು ಎಣಿಸಿಕೊಟ್ಟಳೆಂದು ಕೇಳಿದೆನು. ‘ನಾವು ಮತ್ತೆ ಮೊದಲುಮಾಡುತ್ತಿದ್ದೆವು, ಯಾರಾದರೂ ತೋರಿಸಿಕೊಟ್ಟಿದ್ದರೆ’ ಎಂದು ಬಾಯಿಮುಚ್ಚಿ ಕುಳಿತ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಇನ್ನೂ ಬಹಳ ಜನರಿದ್ದಾರೆ. ತೋರಿಸಿಕೊಡುವ ಭಾರವು ಈ ಸಾಲೆಯಲ್ಲಿ ಕಲಿತು ಹೋದ ನಮ್ಮ ಮೇಲಿದೆ.

— ಜಮಖಂಡಿಯ ಒಬ್ಬ ಹಳೆಯ ವಿದ್ಯಾರ್ಥಿನಿ